ಮದ್ಯದ ಬಾಟಲಿ ಮೇಲೆ 'ಕ್ಯಾನ್ಸರ್' ಅಂತ ಬರೆಸಿ: ಎಂಪಿ ಹತ್ತಿರ ಕೇಳುವುದು ಹೇಗೆ

ನಮ್ಮಣ್ಣ ಹೋಗಿ ಆರು ವರ್ಷ ಆಯಿತು. ಅನ್ನನಾಳದ ಕ್ಯಾನ್ಸರ್. ಬೀಡಿ, ಗುಟ್ಕಾ ಮುಟ್ಟಿದವನಲ್ಲ. ಗದ್ದೆಯಿಂದ ಬಂದ ಮೇಲೆ ಒಂದು ಕ್ವಾರ್ಟರ್ ಬೇಕಿತ್ತು, ಅಷ್ಟೇ. 'ಎಷ್ಟು ವರ್ಷದಿಂದ ಕುಡೀತೀರಿ?' ಅಂತ ಡಾಕ್ಟರ್ ಕೇಳಿದಾಗ ನಾವು ಮುಖ ಮುಖ ನೋಡಿಕೊಂಡೆವು. ಲಿವರ್ ಕೆಡುತ್ತೆ ಅಂತ ಗೊತ್ತಿತ್ತು. ಕ್ಯಾನ್ಸರ್ ಬರುತ್ತೆ ಅಂತ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೂ ಗೊತ್ತಿರಲಿಲ್ಲ.

ಕೇಳಲು ಹೊರಡುವ ಮೊದಲು ವಿಷಯ ಗಟ್ಟಿ ಮಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಮದ್ಯ ಹೊಟ್ಟೆಗೆ ಹೋದ ಮೇಲೆ ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗುತ್ತದೆ, ಅದು ಜೀವಕೋಶದ ಡಿಎನ್‌ಎ ಕೆಡಿಸುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರ ಸ್ತನ, ಹೀಗೆ ಏಳು ಕಡೆ ಕ್ಯಾನ್ಸರ್ ತರಬಲ್ಲದು. ಬಿಯರ್ ಆದರೂ ಅಷ್ಟೇ, ವೈನ್ ಆದರೂ ಅಷ್ಟೇ.

ಆಮೇಲೆ ಬೇಡಿಕೆ ಸಣ್ಣದಾಗಿರಲಿ. ಇಲ್ಲಿ ನಾವೇ ಎಡವಿದ್ದೆವು. ಮೊದಲ ಸಲ ಗ್ರಾಮಸಭೆಯಲ್ಲಿ 'ಅಂಗಡಿ ಮುಚ್ಚಿಸಿ' ಅಂದೆವು. ಅರ್ಧ ಗಂಡಸರು ಎದ್ದು ಹೋದರು. ಉಳಿದವರು 'ಸರ್ಕಾರ ನಡೆಯೋದೇ ಇದರಿಂದ' ಅಂದರು. ಆ ಮಾತೂ ಸುಳ್ಳಲ್ಲ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಆದಾಯದ ಗುರಿಯೇ 40,000 ಕೋಟಿ ರೂಪಾಯಿ. ಅದರ ಜೊತೆ ಜಗಳಕ್ಕೆ ನಿಂತರೆ ನಮ್ಮ ಮಾತು ಅಲ್ಲೇ ಮುಗಿಯುತ್ತದೆ.

ಎರಡನೇ ಸಲ ನಾನು ಒಂದು ಖಾಲಿ ಕ್ವಾರ್ಟರ್ ಬಾಟಲಿ ತೊಳೆದು ತಗೊಂಡು ಹೋದೆ. ಅಧ್ಯಕ್ಷರ ಕೈಗೆ ಕೊಟ್ಟು, 'ಇದರಲ್ಲಿ ಕ್ಯಾನ್ಸರ್ ಅನ್ನೋ ಪದ ಎಲ್ಲಿದೆ ಹುಡುಕಮ್ಮ' ಅಂದೆ. ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ, ಇಷ್ಟೇ ಇತ್ತು. ಸಭೆ ಸುಮ್ಮನಾಯಿತು. ಕುಡಿಯುವವರೇ 'ಹೌದಲ್ವಾ, ಬೀಡಿ ಕಟ್ಟಿನ ಮೇಲೆ ಚಿತ್ರನೇ ಹಾಕ್ತಾರೆ' ಅಂದರು. ಬಾಟಲಿ ಮೇಲೆ ಕ್ಯಾನ್ಸರ್ ಅಂತ ಬರೆಸಬೇಕು ಅಂತ ಅವತ್ತೇ ನಿರ್ಣಯ ಆಯಿತು. ಪಿಡಿಒ ಹತ್ತಿರ ನಡಾವಳಿಯ ನಕಲು, ಸೀಲು ಹಾಕಿಸಿ, ತಗೊಳ್ಳಿ. ಮುಂದೆ ಎಲ್ಲಿ ಹೋದರೂ ಅದು ನಿಮ್ಮ ಕೈಯಲ್ಲಿರಬೇಕು.

ಈಗ ಯಾರನ್ನು ಕೇಳಬೇಕು? ಎಲ್ಲರೂ ಎಂಎಲ್‌ಎ ಮನೆಗೆ ಓಡುತ್ತಾರೆ. ಲೇಬಲ್ ಅವರ ಕೈಯಲ್ಲಿಲ್ಲ. ಆ ಎರಡು ಸಾಲು ಬಂದದ್ದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮದಿಂದ. ಅದು ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗೆ ಬರುತ್ತದೆ. ಹಾಗಾಗಿ ನಿಮ್ಮ ಎಂಪಿಯನ್ನು ಹಿಡಿಯಿರಿ. ಎಂಎಲ್‌ಎ ಹತ್ತಿರ ಬೇರೆ ಕೇಳಿ: ಅಂಗಡಿ ಮುಂದೆ ಕನ್ನಡದಲ್ಲಿ ದೊಡ್ಡ ಬೋರ್ಡ್ ಹಾಕಿಸಿ ಅಂತ.

ಪತ್ರ ಒಂದೇ ಪುಟ ಇರಲಿ. ನಿಮ್ಮ ಮನೆಯ ಕಥೆ ನಾಲ್ಕು ಸಾಲು, ನಿರ್ಣಯದ ನಕಲು, ಒಂದು ಬೇಡಿಕೆ. ನಮ್ಮ ಪತ್ರದಲ್ಲಿ ನಾನು ಇನ್ನೊಂದು ಮಾತು ಸೇರಿಸಿದೆ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯರಾಗಿದ್ದ ವಿವೇಕ್ ಮೂರ್ತಿ 2025ರ ಜನವರಿಯಲ್ಲಿ ಬಾಟಲಿ ಮೇಲೆ ಕ್ಯಾನ್ಸರ್ ಎಚ್ಚರಿಕೆ ಬರಬೇಕು ಅಂದರು. ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಈ ಸಾಲು ಓದಿದಾಗಲೇ ಎಂಪಿಯವರ ಪಿಎ ತಲೆ ಎತ್ತಿ ನೋಡಿದ್ದು.

ಸಂಸತ್ತಿನಲ್ಲಿ ಕೇಳುವ ಪ್ರಶ್ನೆಯನ್ನೂ ನೀವೇ ಬರೆದುಕೊಡಿ. ಅವರಿಗೆ ಸಮಯ ಇರಲ್ಲ. 'ಚುಕ್ಕೆ ಗುರುತಿಲ್ಲದ ಪ್ರಶ್ನೆ' (ಅನ್‌ಸ್ಟಾರ್ಡ್) ಅಂತ ಒಂದು ಬಗೆ ಇದೆ, ಅದಕ್ಕೆ ಮಂತ್ರಿಗಳು ಬರಹದಲ್ಲಿ ಉತ್ತರ ಕೊಡಬೇಕು. ಅದು ದಾಖಲೆಯಾಗಿ ಉಳಿಯುತ್ತದೆ. ನಾನು ಬರೆದುಕೊಟ್ಟದ್ದು ಇದು, ಬೇಕಾದರೆ ಹಾಗೇ ಬಳಸಿ:

'ಮದ್ಯದಿಂದ ಕ್ಯಾನ್ಸರ್ ಬರುತ್ತದೆ ಎಂಬುದನ್ನು ಬಾಟಲಿಯ ಮೇಲೆ ಪ್ರಾದೇಶಿಕ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಮುದ್ರಿಸಲು ಸರ್ಕಾರ ನಿಯಮ ಮಾಡುವುದೇ? ಮಾಡುವುದಾದರೆ ಯಾವಾಗ? ಇಲ್ಲದಿದ್ದರೆ ಕಾರಣವೇನು?'

ಪತ್ರ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ಕೊಡಿ, ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕಾಗುತ್ತದೆ. ಎರಡು ವಾರ ಬಿಟ್ಟು ಫೋನ್ ಮಾಡಿ, ಮತ್ತೆ ಮಾಡಿ. ನಾನು ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾಡುತ್ತೇನೆ.