ಕೋಸಿನ ಸಸಿ ತರುವ ಮುಂಚೆ ನಾನು ಎಲೆ ಮಗುಚಿ ನೋಡುತ್ತೇನೆ

ಮೊದಲ ವರ್ಷ ನಮ್ಮ ಕೋಸಿಗೆ ಹುಳ ಬಂದದ್ದು ಸಸಿಯ ಜೊತೆಯಲ್ಲೇ. ಅದು ಅರ್ಥವಾಗುವಷ್ಟರಲ್ಲಿ ಒಂದು ಬೆಳೆ ಕೈಬಿಟ್ಟು ಹೋಗಿತ್ತು.

ನಮ್ಮದು ಮಾಲೂರಿನ ಕಡೆ. ಮನೆ ಹಿಂದೆ ಒಂದು ಗುಂಟೆ ಕೆಂಪು ಮಣ್ಣಿನ ಜಾಗ ಇದೆ. ಅಲ್ಲಿ ಎಲೆಕೋಸು, ಹೂಕೋಸು, ಒಂದು ಸಾಲು ನವಿಲುಕೋಸು ಬೆಳೆಯುತ್ತೇನೆ. ಮನೆಗೆ ಆಗಿ ಮಿಕ್ಕಿದ್ದು ಪಕ್ಕದವರಿಗೆ, ಬೀದಿ ಕೊನೆಯ ಅಂಗಡಿಗೆ. ಸಸಿಯನ್ನು ನಾನೇ ಎಬ್ಬಿಸುವುದಿಲ್ಲ, ನರ್ಸರಿಯಿಂದ ತರುತ್ತೇನೆ. 98 ಗುಳಿಯ ಟ್ರೇ, ಒಳಗೆ ತೆಂಗಿನ ನಾರಿನ ಪುಡಿ, ಗುಳಿಗೊಂದು ಸಸಿ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ ಒಂದು ಗುಂಟೆಗೆ ಸುಮಾರು 360 ಸಸಿ ಸಾಕು. ನಾಲ್ಕು ಟ್ರೇ ತಂದರೆ ಸತ್ತ ಕಡೆ ಮತ್ತೆ ನೆಡಲು ಮೂವತ್ತು ಉಳಿಯುತ್ತದೆ.

ಆ ವರ್ಷ ನಾನು ಹೋದಾಗ ಶಿವರಾತ್ರಿ ಕಳೆದಿತ್ತು. ಯಾರೋ ಬುಕ್ ಮಾಡಿ ಒಯ್ಯದೆ ಬಿಟ್ಟ ಟ್ರೇಗಳು ಒಂದು ಮೂಲೆಯಲ್ಲಿದ್ದವು. ಸಸಿ ಉದ್ದುದ್ದ ಬೆಳೆದಿದ್ದವು. "ದೊಡ್ಡ ಸಸಿ ಅಕ್ಕಾ, ಬೇಗ ಬೆಳೆ ಕೈಗೆ ಬರುತ್ತೆ, ರೇಟೂ ಕಮ್ಮಿ ಮಾಡಿಕೊಡ್ತೀನಿ" ಅಂದರು ಅಲ್ಲಿದ್ದವರು. ನಂಬಿದೆ, ತಂದೆ. ಆ ಸಸಿಗಳಿಗೆ 40 ದಿನವಾಗಿತ್ತು ಅಂತ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಹೂಕೋಸು ನಿಂಬೆಹಣ್ಣಿನ ಗಾತ್ರಕ್ಕೇ ಹೂ ಕಟ್ಟಿ ನಿಂತುಬಿಟ್ಟಿತು. ಟ್ರೇಯಲ್ಲಿ ಹೆಚ್ಚು ದಿನ ಇಕ್ಕಟ್ಟಿನಲ್ಲಿ ನಿಂತ ಸಸಿ ಹಾಗೇ ಮಾಡುತ್ತದೆ. ಎಲೆಕೋಸಿನ ಎಲೆಗಳಂತೂ ಹತ್ತು ದಿನಕ್ಕೆ ಜರಡಿಯಾಗಿದ್ದವು.

ಒಂದು ಬೆಳಗ್ಗೆ ಕೂತು ಒಂದು ಎಲೆಯನ್ನು ಮಗುಚಿ ನೋಡಿದೆ. ಅಲ್ಲಲ್ಲಿ ಎಣ್ಣೆ ಕಾಗದದಂಥ ಕಿಂಡಿಗಳು. ಕೆಳಗಿನ ಹಸಿರನ್ನೆಲ್ಲ ಕೆರೆದು ತಿಂದು ಮೇಲಿನ ತೆಳು ಪೊರೆ ಮಾತ್ರ ಬಿಟ್ಟಿತ್ತು. ಪಕ್ಕದಲ್ಲೇ ತಿಳಿ ಹಸಿರು ಹುಳ. ಒಂದು ಸೆಂಟಿಮೀಟರ್ ಕೂಡ ಇಲ್ಲ, ಎರಡು ತುದಿಯೂ ಚೂಪು. ಕಡ್ಡಿಯಿಂದ ಮುಟ್ಟಿದ ಕೂಡಲೇ ಪಟಪಟ ಒದ್ದಾಡಿ ಹಿಂದಕ್ಕೆ ಸರಿಯಿತು. ಆಮೇಲೆ ಒಂದು ಎಳೆ ಬಿಟ್ಟುಕೊಂಡು ಕೆಳಗೆ ಜೋತುಬಿತ್ತು. ಇದು ಡೈಮಂಡ್ ಬ್ಯಾಕ್ ಮಾತ್, ಅಂದರೆ ವಜ್ರಬೆನ್ನಿನ ಪತಂಗದ ಮರಿ. ದೊಡ್ಡದಾದ ಪತಂಗ ರೆಕ್ಕೆ ಮಡಚಿ ಕೂತರೆ ಬೆನ್ನ ಮೇಲೆ ಮೂರು ವಜ್ರದ ಆಕಾರ ಕಾಣುತ್ತದೆ, ಅದಕ್ಕೇ ಆ ಹೆಸರು. ಬಿಸಿಲು ಕಾಲದಲ್ಲಿ ಎರಡು ಮೂರು ವಾರಕ್ಕೆ ಒಂದು ಪೀಳಿಗೆ ಮುಗಿಸುತ್ತದೆ. ಉಳಿದಿದ್ದ ಹಳೇ ಟ್ರೇಯನ್ನು ಆಗ ತೆಗೆದು ನೋಡಿದೆ. ಅದರಲ್ಲೂ ಅದೇ ಕಿಂಡಿಗಳು.

ಅಲ್ಲಿಂದ ಮುಂದೆ ನಾನು ನರ್ಸರಿಗೆ ಬೆಳಗ್ಗೆ ಹೋಗುತ್ತೇನೆ, ಅವಸರ ಇಲ್ಲದ ದಿನ. ಮೊದಲ ಪ್ರಶ್ನೆ, "ಅಣ್ಣಾ, ಬೀಜ ಹಾಕಿದ ತಾರೀಕು ಯಾವುದು?" 25 ದಿನದ ಆಸುಪಾಸು, ನಾಲ್ಕೈದು ಎಲೆ, ಗಿಡ್ಡ ದಪ್ಪ ಕಾಂಡ, ಅಂಥದ್ದು ಬೇಕು. ಆಮೇಲೆ ಟ್ರೇಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಕಿಂಡಿ ಇದ್ದರೆ ಬೆಳಕು ಅಲ್ಲೇ ಹಾಯುತ್ತದೆ. ಟ್ರೇಯ ನಡುವಿನ ಹತ್ತು ಸಸಿಯ ಎಲೆ ಮಗುಚುತ್ತೇನೆ. ಅಂಚಿನ ಸಸಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಹುಳ ಇರುವುದು ನಡುವೆ. ಎಲೆಯ ಅಂಚಿನಿಂದ ಒಳಕ್ಕೆ ಹಳದಿಯ ವಿ ಆಕಾರ ಇದ್ದರೆ ಅದು ಕಪ್ಪು ಕೊಳೆ ರೋಗ. ಅದು ಬೀಜದಿಂದಲೂ ಬರುತ್ತದೆ. ಒಂದು ಸಸಿಯಲ್ಲಿ ಕಂಡರೂ ಆ ಟ್ರೇ ಬೇಡ. ನೆತ್ತಿಯ ಸುಳಿ ಇಲ್ಲದ ಸಸಿಯೂ ಬೇಡ, ಅದು ಎಷ್ಟು ಚೆನ್ನಾಗಿ ಬೆಳೆದರೂ ಕೋಸು ಕಟ್ಟುವುದಿಲ್ಲ. ಕೊನೆಗೆ ಕೇಳಿಕೊಂಡು ಒಂದು ಸಸಿ ಹೊರಗೆ ಎಳೆಯುತ್ತೇನೆ. ಬೇರು ಬೆಳ್ಳಗೆ, ಪುಡಿಯನ್ನು ಹಿಡಿದುಕೊಂಡು ಗಟ್ಟಿಯಾಗಿ ಬರಬೇಕು. ಕಂದು ಬಣ್ಣಕ್ಕೆ ತಿರುಗಿ ಸುತ್ತಿಕೊಂಡಿದ್ದರೆ ವಯಸ್ಸಾಗಿದೆ ಅಂತ ಲೆಕ್ಕ. ಇಷ್ಟೆಲ್ಲ ನೋಡುವವರಿಗೆ ಕೆಲವರು ಮುಖ ಸಿಂಡರಿಸಬಹುದು. ಆದರೆ ಒಳ್ಳೇ ಸಸಿ ಮಾಡುವವರು ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಈಗ ಹೋಗುವ ಕಡೆ ಅವರೇ ಮೊದಲು ಬೇರು ತೋರಿಸುತ್ತಾರೆ.

ತಂದ ಟ್ರೇಗಳನ್ನು ಎರಡು ದಿನ ಹೊಂಗೆ ಮರದ ಕೆಳಗೆ ಬೇರೆಯಾಗಿ ಇಡುತ್ತೇನೆ. ನೆರಳುಮನೆಯಲ್ಲಿ ಬೆಳೆದ ಸಸಿ ಬಿಸಿಲಿಗೆ ಒಗ್ಗಬೇಕು ಅಲ್ವಾ? ಅಷ್ಟರಲ್ಲಿ ಮತ್ತೊಂದು ಸಲ ಎಲೆ ಮಗುಚಿದಂತೆಯೂ ಆಗುತ್ತದೆ. ನೆಡುವುದು ಸಂಜೆ.

ಸಾಸಿವೆಯ ಕೆಲಸ ಇದಕ್ಕೂ ಮುಂಚೆ ಶುರುವಾಗಿರುತ್ತದೆ. ಕೋಸಿನ ನಡುವೆ ಸಾಸಿವೆ ಸಾಲು ಹಾಕುವ ಪದ್ಧತಿಯನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಪತಂಗಕ್ಕೆ ಕೋಸಿಗಿಂತ ಸಾಸಿವೆ ಜಾಸ್ತಿ ಇಷ್ಟ, ಮೊಟ್ಟೆ ಅಲ್ಲಿ ಇಡುತ್ತದೆ. ಅವರ ಲೆಕ್ಕದಲ್ಲಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನೆಡುವ 15 ದಿನ ಮುಂಚೆ, ಇನ್ನೊಂದನ್ನು ನೆಟ್ಟ 25 ದಿನಕ್ಕೆ ಬಿತ್ತಬೇಕು. ಮೊದಲ ಸಾಲು ಬಲಿಯುವಾಗ ಎರಡನೆಯದು ಎಳೆಯದಾಗಿರುತ್ತದೆ. ನನ್ನದು ಚಿಕ್ಕ ಜಾಗ, ಎರಡೂ ಪಕ್ಕದ ಬದುವಿನ ಮೇಲೆ ಹಾಕುತ್ತೇನೆ. ಅಡುಗೆಮನೆ ಡಬ್ಬಿಯ ಸಾಸಿವೆಯೇ ಸಾಕು. ನರ್ಸರಿಯಲ್ಲಿ ನನ್ನ ಟ್ರೇಗೆ ಬೀಜ ಹಾಕಿದ ಹತ್ತನೇ ದಿನಕ್ಕೆ ಬಿತ್ತಿಬಿಡುತ್ತೇನೆ. ಸಸಿಗೆ 25 ದಿನ ತುಂಬುವಾಗ ಸಾಸಿವೆಗೆ ಸರಿಯಾಗಿ 15 ದಿನ.

ಇದರ ಮೇಲೆ ಕಣ್ಣಿಡದಿದ್ದರೆ ಮಾತ್ರ ಸಾಸಿವೆಯೇ ಹುಳದ ಮನೆಯಾಗುತ್ತದೆ. ಹುಳ ಹತ್ತಿದ ಗಿಡವನ್ನು ಬೇರು ಸಮೇತ ಕಿತ್ತು ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇನೆ. ರಸ ಹೀರುವ ಸಸ್ಯಹೇನು ಹತ್ತಿದ ಗಿಡವನ್ನು ಕೆಲವು ದಿನ ಬಿಡುತ್ತೇನೆ. ಹೇನು ತಿನ್ನಲು ಗುಲಗಂಜಿ ಹುಳಗಳು ಬರುತ್ತವೆ, ಹಾಗೇ ಕೋಸಿನ ಸಾಲಿಗೂ ಇಳಿಯುತ್ತವೆ.

ನೆಟ್ಟ ಮೊದಲ ವಾರದ ಶತ್ರು ಬೇರೆ. ರಾತ್ರಿ ಬುಡ ಕತ್ತರಿಸುವ ಹುಳ. ಬೆಳಗ್ಗೆ ನೋಡಿದರೆ ಸಸಿ ಕೊಯ್ದ ಹಾಗೆ ಮಲಗಿರುತ್ತದೆ. ಬುಡದ ಸುತ್ತ ಒಂದೆರಡು ಇಂಚು ಮಣ್ಣು ಕೆದಕಿದರೆ ಬೂದು ಬಣ್ಣದ ದಪ್ಪ ಹುಳ ಸುರುಳಿ ಸುತ್ತಿಕೊಂಡು ಸಿಗುತ್ತದೆ. ಟೀ ಕುಡಿಯುವ ಪೇಪರ್ ಲೋಟದ ತಳ ಕತ್ತರಿಸಿ, ಸಸಿಗೆ ಬಳೆಯಂತೆ ತೊಡಿಸಿ, ಅರ್ಧ ಮಣ್ಣಲ್ಲಿ ಹೂತರೆ ಅದರ ಕಾಟ ತಪ್ಪುತ್ತದೆ.

ಹೂಕೋಸಿನ ಸಾಲಿಗೆ ಮೊದಲ ತಿಂಗಳು ಹಳೇ ಸೊಳ್ಳೆಪರದೆ ಕಟ್ಟುತ್ತೇನೆ. ಬಿದಿರು ದಬ್ಬೆ ಬಗ್ಗಿಸಿ ಕಮಾನು ಮಾಡಿ, ಪರದೆಯ ಅಂಚನ್ನು ಮಣ್ಣಲ್ಲಿ ಹೂಳಬೇಕು, ಸುಮ್ನೆ ಇಳಿಬಿಟ್ಟರೆ ಪತಂಗ ನುಸುಳುತ್ತದೆ. ಹುಳ ಇರುವ ಸಸಿಗೆ ಪರದೆ ಕಟ್ಟಿದರೆ ಹುಳಕ್ಕೇ ಕಾವಲು ಕೊಟ್ಟಂತೆ. ಅದನ್ನು ತಿನ್ನುವ ಹಕ್ಕಿ, ಕಣಜ ಯಾವುದೂ ಒಳಗೆ ಬರುವುದಿಲ್ಲ.

ಇಷ್ಟಾದರೂ ಹುಳ ಸ್ವಲ್ಪ ಬಂದೇ ಬರುತ್ತದೆ. ವಾರಕ್ಕೆ ಎರಡು ಸಲ, ಬೇರೆ ಬೇರೆ ಕಡೆಯ ಹತ್ತು ಗಿಡದ ಎಲೆ ಮಗುಚುತ್ತೇನೆ. ಎಳೆ ಗಿಡಕ್ಕೆ ಒಂದೊಂದಾದರೂ ಹುಳ ಕಂಡರೆ ಬೇವಿನ ಬೀಜದ ಕಷಾಯ. ಆಷಾಢದ ಹೊತ್ತಿಗೆ ಆರಿಸಿ ನೆರಳಲ್ಲಿ ಒಣಗಿಸಿಟ್ಟ ಬೀಜ, ಪುಡಿ ಮಾಡಿ 400 ಗ್ರಾಂ, 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ ಸೋಸಬೇಕು. ಕೋಸಿನ ಎಲೆಗೆ ಮೇಣದ ಪೊರೆ ಇದೆ, ಕೆಸುವಿನೆಲೆಯ ಮೇಲಿನಂತೆ ಹನಿ ಉರುಳಿ ಬೀಳುತ್ತದೆ. ಅದಕ್ಕೆ ಸ್ವಲ್ಪ ಸೋಪಿನ ನೀರು ಸೇರಿಸಲೇಬೇಕು. ಪಂಪಿನ ಮೂತಿ ಕೆಳಗಿನಿಂದ ಮೇಲಕ್ಕೆ ಇರಲಿ. ಕಷಾಯ ಮಾಡಲು ಆಗದವರಿಗೆ ಹೆಸರಘಟ್ಟದ ಅದೇ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ಹುಳ ಜಾಸ್ತಿಯಾದರೆ ಬಿಟಿ ಪುಡಿ, ಲೀಟರಿಗೆ ಒಂದು ಗ್ರಾಂ, ಬಿಸಿಲು ಇಳಿದ ಮೇಲೆ. ಇದು ಬಿಟಿ ಹತ್ತಿ ಅಲ್ಲ, ಬರೀ ಬ್ಯಾಕ್ಟೀರಿಯಾದ ಪುಡಿ. ಬಿಸಿಲು ಬಿದ್ದರೆ ಅದರ ಶಕ್ತಿ ಹೋಗುತ್ತದೆ.

ಮೊದಲ ವರ್ಷ ನಾನು ಅಂಗಡಿಯವರು ಕೊಟ್ಟ ಎರಡು ಔಷಧಿ ಬೆರೆಸಿ ಹೊಡೆದಿದ್ದೆ. ಹುಳ ಅಲ್ಲಾಡಲಿಲ್ಲ. 1950ರ ದಶಕದ ಆರಂಭದಲ್ಲೇ ಇಂಡೋನೇಷ್ಯಾದ ಜಾವಾದಲ್ಲಿ ಡಿಡಿಟಿ ಕೀಟನಾಶಕಕ್ಕೆ ಜಗ್ಗದೆ ನಿಂತ ಕೀಟ ಇದು. ಬಿಟಿಯನ್ನೂ ಮೇಲಿಂದ ಮೇಲೆ ಹೊಡೆದ ಹೊಲಗಳಲ್ಲಿ ಅದಕ್ಕೂ ಒಗ್ಗಿಕೊಂಡಿದೆ. ಹಾಗಾಗಿ ನಾನು ಬಿಟಿಯನ್ನು ಒಂದು ಬೆಳೆಗೆ ಎರಡು ಸಲಕ್ಕಿಂತ ಜಾಸ್ತಿ ಮುಟ್ಟುವುದಿಲ್ಲ.

ಆ ವರ್ಷ ನೆನೆದರೆ ಇವತ್ತಿಗೂ ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಎಲೆಯಡಿ ಅಕ್ಕಿ ಕಾಳಿಗಿಂತ ಚಿಕ್ಕದಾದ ಬಿಳಿ ಗೂಡುಗಳಿದ್ದವು. ಹುಳದ ಮೊಟ್ಟೆ ಅಂತ ತಿಳಿದು ಒಂದೊಂದನ್ನೂ ಉಗುರಿಂದ ಒರೆಸಿದ್ದೆ. ಅವು ಈ ಹುಳದ ಮೈಯೊಳಗೇ ಬೆಳೆದು ಅದನ್ನು ಕೊಲ್ಲುವ ಪುಟ್ಟ ಕಣಜದ ಗೂಡುಗಳು. ಹುಳದ್ದಾದರೆ ಬಲೆಯಂಥ ಗೂಡು, ಒಳಗಿನ ಕೋಶ ಕಾಣುತ್ತದೆ. ಕಣಜದ್ದು ಒತ್ತಾಗಿ ನೇಯ್ದ ಬೆಳ್ಳನೆ ಗೂಡು, ಒಳಗೆ ಏನೂ ಕಾಣದು. ಈಗ ಅಂಥ ಎಲೆ ಸಿಕ್ಕರೆ ಆ ಗಿಡಕ್ಕೆ ಯಾವ ಪಂಪೂ ತಾಗಿಸುವುದಿಲ್ಲ.

ಕೋಸು ಕೊಯ್ದ ಮೇಲೆ ಬುಡಗಳನ್ನು ಹಾಗೇ ಬಿಟ್ಟರೆ ಚಿಗುರುತ್ತವೆ, ಆ ಚಿಗುರಲ್ಲಿ ಪತಂಗ ಮತ್ತೆ ಸಂಸಾರ ಹೂಡುತ್ತದೆ. ಕೊಯ್ದ ವಾರದೊಳಗೆ ಎಲ್ಲ ಕಿತ್ತು ಹಸುವಿಗೆ ಹಾಕುತ್ತೇನೆ. ಈ ಸಲ ಆ ಜಾಗದಲ್ಲಿ ಹುರುಳಿಕಾಯಿ ಇದೆ. ಕೋಸು ಪಕ್ಕದ ಪಟ್ಟಿಗೆ ಹೋಗಿದೆ, ಬದುವಿನ ಎರಡನೇ ಸಾಲು ಸಾಸಿವೆ ನಿನ್ನೆ ಮೊಳಕೆ ಒಡೆದಿದೆ.