ನೆನಪಿಡುವ ಕೆಲಸ ಫೋನಿಗೆ, ಓದುವ ಕೆಲಸ ನನಗೆ

ಓದಲು ಕೂತ ಮೇಲೆ "ಈಗ ಏನು ಓದಲಿ?" ಎಂದು ಯೋಚಿಸುವಂತಾಗಬಾರದು. ಅದು ಹಿಂದಿನ ರಾತ್ರಿಯೇ ತೀರ್ಮಾನ ಆಗಿರಬೇಕು. ಯಾವುದೇ ಹೊಸ ಆಪ್ ಕಂಡರೂ ನಾನು ಕೇಳಿಕೊಳ್ಳುವುದು ಇಷ್ಟೇ: ಇದರಿಂದ ಆ ಹೊರೆ ಇಳಿಯುತ್ತದಾ? ಇಳಿಯುವುದಾದರೆ ಇರಲಿ, ಇಲ್ಲ ಅಂದರೆ ಬೇಡ.

ನಾನು ಓದುತ್ತಿರುವುದು ಶರೀರಕ್ರಿಯಾ ವಿಜ್ಞಾನ. ವಿಷಯ ಜಾಸ್ತಿ, ದಿನಾಂಕಗಳು ಜಾಸ್ತಿ, ಪಿಡಿಎಫ್‌ಗಳಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಇಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಓದಲು ಆಗುವುದಿಲ್ಲ. ಹಾಗಾಗಿ ಯಾವುದು ಎಲ್ಲಿರಬೇಕು ಎಂದು ಒಂದೊಂದಕ್ಕೆ ಒಂದೇ ಜಾಗ ಗೊತ್ತುಮಾಡಿಕೊಂಡಿದ್ದೇನೆ. ದಿನಾಂಕ ಕ್ಯಾಲೆಂಡರಿಗೆ, ಕೆಲಸ ಪಟ್ಟಿಗೆ, ಫೈಲು ಫೋಲ್ಡರಿಗೆ, ಬಾಯಿಗೆ ಬರಲೇಬೇಕಾದ್ದು ಆಂಕಿ ಎಂಬ ಪ್ರಶ್ನೆ-ಉತ್ತರದ ಕಾರ್ಡುಗಳ ಆಪ್‌ಗೆ. ಒಂದೇ ವಿಷಯ ಎರಡು ಕಡೆ ಇದ್ದರೆ ಎರಡನ್ನೂ ನಂಬಲು ಆಗುವುದಿಲ್ಲ, ಅಲ್ವಾ?

ಕ್ಯಾಲೆಂಡರ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಸೆಮಿಸ್ಟರ್ ಶುರುವಾದ ವಾರವೇ ಕೂತು ಟೆಸ್ಟ್, ಪ್ರಾಕ್ಟಿಕಲ್, ರೆಕಾರ್ಡ್ ಸಹಿ, ಅಸೈನ್‌ಮೆಂಟ್, ಫೀಸ್ ಕಟ್ಟುವ ಕೊನೆಯ ದಿನ, ಎಲ್ಲವನ್ನೂ ಗೂಗಲ್ ಕ್ಯಾಲೆಂಡರಿಗೆ ಹಾಕುತ್ತೇನೆ. ಆದರೆ ಕೊನೆಯ ದಿನವನ್ನಷ್ಟೇ ಬರೆದಿಟ್ಟರೆ ಪ್ರಯೋಜನ ಕಡಿಮೆ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು. 20ನೇ ತಾರೀಖು ಸೆಮಿನಾರ್ ಇದೆ ಅಂದುಕೊಳ್ಳಿ. 18ಕ್ಕೆ ಯಾರ ಮುಂದಾದರೂ ನಿಂತು ಪೂರ್ತಿ ಹೇಳಿ ನೋಡುವುದು. 15ಕ್ಕೆ ಸ್ಲೈಡ್ ಮುಗಿಸುವುದು. 10ಕ್ಕೆ ಓದಿ ಮುಗಿಸುವುದು. 6ಕ್ಕೆ ಯಾವ ಸಂಶೋಧನಾ ಪೇಪರ್ ಎಂದು ಆರಿಸುವುದು. ಹೀಗೆ ನಾಲ್ಕು ದಿನಾಂಕ ಬಿದ್ದಾಗ 20ನೇ ತಾರೀಖು ಒಮ್ಮೆಲೇ ಮೈಮೇಲೆ ಬರುವುದಿಲ್ಲ. ರಿಮೈಂಡರಿನ ಹೊತ್ತನ್ನೂ ನಾನೇ ಬದಲಿಸುತ್ತೇನೆ. ಆಪ್ ತಾನಾಗಿ ಕೊಡುವ ಅರ್ಧ ಗಂಟೆ ಮುಂಚಿನ ರಿಮೈಂಡರ್ ಕ್ಲಾಸಿಗೆ ಸಾಕು, ಅಸೈನ್‌ಮೆಂಟಿಗೆ ಸಾಲದು. ಅದಕ್ಕೆ ಒಂದು ವಾರ ಮೊದಲು ಒಂದು, ಒಂದು ದಿನ ಮೊದಲು ಒಂದು.

"ಸಂಜೆ 6ರಿಂದ 7 ಓದು" ಎಂಬಂಥದ್ದನ್ನು ನಾನು ಕ್ಯಾಲೆಂಡರಿನಲ್ಲಿ ಹಾಕುವುದಿಲ್ಲ. ನಿಗದಿಯಾದ ಹೊತ್ತಿಗೆ ಆಗಲೇಬೇಕಾದ್ದು ಮಾತ್ರ ಅಲ್ಲಿರಲಿ. ಆಚೆ ಈಚೆ ಸರಿಸಬಹುದಾದ್ದನ್ನೂ ಅಲ್ಲೇ ತುಂಬಿದರೆ, ಸ್ವಲ್ಪ ದಿನಕ್ಕೆ ಕ್ಯಾಲೆಂಡರ್ ಹೇಳಿದ್ದನ್ನೆಲ್ಲ ಕಣ್ಣು ದಾಟಿಸಿಬಿಡುತ್ತದೆ.

ಸರಿಸಬಹುದಾದ್ದು ಕೆಲಸದ ಪಟ್ಟಿಗೆ. ಗೂಗಲ್ ಟಾಸ್ಕ್ಸ್ ಆಗಲಿ, ಮೈಕ್ರೋಸಾಫ್ಟ್ ಟು ಡೂ ಆಗಲಿ, ಯಾವುದಾದರೂ ಸರಿ. ಇಲ್ಲಿ ಆಪ್‌ಗಿಂತ ಬರೆಯುವ ರೀತಿ ಮುಖ್ಯ. "ಮೂತ್ರಪಿಂಡ" ಎಂದು ಬರೆದಿಟ್ಟರೆ ಅದನ್ನು ನೋಡಿದಾಗಲೆಲ್ಲ ಮತ್ತೆ ಯೋಚಿಸಬೇಕು. "ಮೂತ್ರಪಿಂಡದ ಅಧ್ಯಾಯದ ಮೊದಲ ಐದು ಪ್ರಶ್ನೆಗೆ ಪುಸ್ತಕ ಮುಚ್ಚಿ ಉತ್ತರ ಬರೆಯುವುದು" ಎಂದಿದ್ದರೆ ಪೆನ್ ಹಿಡಿದು ಶುರು ಮಾಡಬಹುದು. ರಾತ್ರಿ ಮಲಗುವ ಮುಂಚೆ ಪಟ್ಟಿಯಲ್ಲಿ ಮೂರು ಕೆಲಸಕ್ಕೆ ನಕ್ಷತ್ರ ಹಾಕುತ್ತೇನೆ. ನಾಳೆ ಆ ಮೂರು ಆಗಬೇಕು. ಮಿಕ್ಕಿದ್ದು ಆದರೆ ಸಂತೋಷ.

ಕ್ಲಾಸಿನಲ್ಲಿ ನಾನು ನೋಟ್ಸ್ ಬರೆಯುವುದು ಕೈಯಲ್ಲೇ. 2014ರಲ್ಲಿ ಪ್ಯಾಮ್ ಮ್ಯುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಎಂಬ ಸಂಶೋಧಕರು ಇದರ ಬಗ್ಗೆ ಪ್ರಯೋಗ ಮಾಡಿದ್ದರು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವವರು ಮೇಷ್ಟ್ರ ಮಾತನ್ನು ಇದ್ದ ಹಾಗೇ ಇಳಿಸಿಕೊಳ್ಳುತ್ತಾರೆ, ಕೈಯಲ್ಲಿ ಬರೆಯುವವರು ತಮ್ಮ ಮಾತಿಗೆ ಇಳಿಸಿಕೊಂಡು ಬರೆಯುತ್ತಾರೆ ಎಂದು ಅವರು ಕಂಡರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಅಂಕಗಳಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನು ಎಲ್ಲರಿಗೂ ನಿಯಮ ಅಂತ ಹೇಳಲಾರೆ. ನನ್ನ ವಿಷಯದಲ್ಲಿ ಚಿತ್ರ ಜಾಸ್ತಿ, ಬಾಣದ ಗುರುತು ಜಾಸ್ತಿ. ಅದನ್ನು ಕೀಬೋರ್ಡಿನಲ್ಲಿ ಹಾಕುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತದೆ. ಅದೇ ದಿನ ಸಂಜೆ ಪುಟಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡುತ್ತೇನೆ. ಗೂಗಲ್ ಡ್ರೈವ್ ಆಪ್‌ನಲ್ಲೇ ಸ್ಕ್ಯಾನ್ ಇದೆ, ಬೇರೆ ಏನೂ ಬೇಕಿಲ್ಲ.

ಆ ಪಿಡಿಎಫ್‌ಗೆ ಹೆಸರಿಡುವುದು ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಪಾಲಿಗೆ ಇದು ದೊಡ್ಡದು. "ಸ್ಕ್ಯಾನ್ 14" ಎಂಬ ಫೈಲು ಇದ್ದೂ ಇಲ್ಲದ ಹಾಗೆ. ನನ್ನದು ಹೀಗಿರುತ್ತದೆ: 2025-02-11_ಶರೀರಕ್ರಿಯೆ_ಮೂತ್ರಪಿಂಡ_ಕ್ಲಾಸ್03. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಐಎಸ್‌ಒ 8601 ಎಂಬ ಅಂತಾರಾಷ್ಟ್ರೀಯ ಪದ್ಧತಿ ಹೇಳುವ ಕ್ರಮವೂ ಇದೇ. ಲಾಭ ಏನೆಂದರೆ, ಹೆಸರಿನ ಪ್ರಕಾರ ಜೋಡಿಸಿದರೆ ಫೈಲುಗಳು ತಾವಾಗಿಯೇ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲುತ್ತವೆ. ದಿನ ಮೊದಲು ಬರೆದರೆ ಎಲ್ಲ ತಿಂಗಳ 1ನೇ ತಾರೀಖುಗಳೂ ಒಂದೇ ಕಡೆ ಗುಂಪಾಗುತ್ತವೆ. 3ರ ಬದಲು 03 ಎಂದು ಬರೆಯುವುದಕ್ಕೂ ಕಾರಣ ಇದೆ. ಕೆಲವು ಕಡೆ ಕಂಪ್ಯೂಟರ್ 2ಕ್ಕಿಂತ ಮೊದಲು 10 ಇಡುತ್ತದೆ. ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋಗಬೇಡಿ. ಸೆಮಿಸ್ಟರ್, ಅದರೊಳಗೆ ವಿಷಯ, ಅಷ್ಟೇ ಸಾಕು. ಹೆಸರು ಸರಿಯಿದ್ದರೆ ಮಿಕ್ಕಿದ್ದನ್ನು ಸರ್ಚ್ ನೋಡಿಕೊಳ್ಳುತ್ತದೆ.

ಈಗ ಆಂಕಿಗೆ ಬರುತ್ತೇನೆ. ಇಷ್ಟರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಓದಿದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಅರ್ಥವಿಲ್ಲದ ಉಚ್ಚಾರಗಳನ್ನು ಬಾಯಿಪಾಠ ಮಾಡಿ, ಮತ್ತೆ ಕಲಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು. ಮರೆವು ಮೊದಲಲ್ಲಿ ತುಂಬಾ ಜೋರು, ಆಮೇಲೆ ನಿಧಾನ. ಮರೆಯುವ ಅಂಚಿಗೆ ಬಂದಾಗ ಒಮ್ಮೆ ನೆನಪಿಸಿಕೊಂಡರೆ ಅದು ಇನ್ನಷ್ಟು ದಿನ ಉಳಿಯುತ್ತದೆ. ಆ ಹೊತ್ತು ಯಾವಾಗ ಎಂದು ಪ್ರತಿಯೊಂದು ಕಾರ್ಡಿಗೂ ಲೆಕ್ಕ ಹಾಕಿ ಕೊಡುವುದೇ ಆಂಕಿಯ ಕೆಲಸ. ಡೇಮಿಯನ್ ಎಲ್ಮ್ಸ್ 2006ರಲ್ಲಿ ಇದನ್ನು ಹೊರತಂದರು. ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಉಚಿತ. ಐಫೋನಿನ ಆಪ್‌ಗೆ ಮಾತ್ರ ದುಡ್ಡು ಕೊಡಬೇಕು.

ನೋಟ್ಸನ್ನು ಮತ್ತೆ ಮತ್ತೆ ಓದಿದರೆ ಸಾಲದಾ ಎಂದು ಗೆಳತಿಯರು ಕೇಳುತ್ತಾರೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಇದನ್ನೇ ಪರೀಕ್ಷೆ ಮಾಡಿದ್ದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿ ಆಮೇಲೆ ನೋಡದೆ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪರೀಕ್ಷೆ ಯಾವತ್ತೂ ಐದು ನಿಮಿಷ ಬಿಟ್ಟು ಬರುವುದಿಲ್ಲವಲ್ಲ.

ಕಾರ್ಡ್ ಹೇಗೆ ಮಾಡುತ್ತೇನೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸಣ್ಣ ಘಟಕವಾದ ನೆಫ್ರಾನ್ ಪಾಠ ಇದೆ. "ನೆಫ್ರಾನ್ ಬಗ್ಗೆ ವಿವರಿಸಿ" ಎಂದು ಕಾರ್ಡ್ ಮಾಡಿದರೆ ಉತ್ತರ ಎರಡು ಪುಟ. ಅದು ಕಾರ್ಡ್ ಅಲ್ಲ, ಪ್ರಬಂಧ. ಅದರ ಬದಲು ಮೊದಲ ಕಾರ್ಡ್: "ಸೋಸಿದ ಸೋಡಿಯಂನಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ವಾಪಸ್ ಹೀರಿಕೊಳ್ಳುವುದು ಎಲ್ಲಿ?" ಉತ್ತರ, ಪ್ರಾಕ್ಸಿಮಲ್ ಟ್ಯೂಬ್ಯೂಲ್, ಅಂದರೆ ನೆಫ್ರಾನಿನ ನಾಳದ ಮೊದಲ ಭಾಗ. ಎರಡನೆಯದು, ಮೂತ್ರ ಹೆಚ್ಚಿಸುವ ಒಂದು ಔಷಧಿಯ ಬಗ್ಗೆ: "ಫ್ಯೂರೋಸೆಮೈಡ್ ಕೆಲಸ ಮಾಡುವುದು ಎಲ್ಲಿ?" ಉತ್ತರ, ಅದೇ ನಾಳ ಮುಂದೆ ಬಾಗಿ ಆಗುವ ಹೆನ್ಲೆಯ ಕುಣಿಕೆಯ ಮೇಲಕ್ಕೇರುವ ದಪ್ಪ ಭಾಗ. ಮೂರನೆಯದೇ ನಿಜವಾದ ಕಾರ್ಡ್: "ಫ್ಯೂರೋಸೆಮೈಡ್ ಕೊಟ್ಟಾಗ ರಕ್ತದಲ್ಲಿ ಪೊಟ್ಯಾಸಿಯಂ ಯಾಕೆ ಇಳಿಯುತ್ತದೆ?" ಔಷಧಿ ಅಲ್ಲಿ ಹೀರಿಕೊಳ್ಳದಂತೆ ತಡೆದ ಸೋಡಿಯಂ ಮುಂದಿನ ನಾಳಕ್ಕೆ ಜಾಸ್ತಿ ತಲುಪುತ್ತದೆ, ಅಲ್ಲಿ ಅದನ್ನು ಹೀರಿಕೊಳ್ಳುವಾಗ ಪೊಟ್ಯಾಸಿಯಂ ಹೊರಹೋಗುತ್ತದೆ. "ಎಲ್ಲಿ" ಎಂಬ ಎರಡು ಕಾರ್ಡ್ ಗಟ್ಟಿಯಾದರೆ "ಯಾಕೆ" ಎಂಬುದನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ, ಅದು ತಾನಾಗಿ ಹೊಳೆಯುತ್ತದೆ. ನನಗೆ ಶರೀರಕ್ರಿಯೆ ಇಷ್ಟವಾಗಿದ್ದೇ ಇಂಥ ಹೊತ್ತಿನಲ್ಲಿ.

ಕಾರ್ಡನ್ನು ನಾವೇ ಮಾಡಬೇಕು. ಯಾರೋ ಮಾಡಿಟ್ಟ ಸಾವಿರಾರು ಕಾರ್ಡಿನ ಕಟ್ಟು ಉಚಿತವಾಗಿ ಸಿಗುತ್ತದೆ, ನಿಜ. ಆದರೆ ಪಾಠವನ್ನು ಪ್ರಶ್ನೆಯಾಗಿ ಒಡೆಯುವಾಗಲೇ ಅರ್ಧ ಕಲಿತಿರುತ್ತೇವೆ. ಅರ್ಥವಾಗದ್ದನ್ನು ಕಾರ್ಡಿಗೆ ಹಾಕಲೇಬಾರದು. ಮೊದಲು ಪುಸ್ತಕ, ಆಮೇಲೆ ಕಾರ್ಡ್.

ಸೆಟ್ಟಿಂಗಿನಲ್ಲಿ ತುಂಬಾ ತಲೆ ಹಾಕಬೇಡಿ. ದಿನಕ್ಕೆ 20 ಹೊಸ ಕಾರ್ಡ್ ಎಂದು ಅದರಲ್ಲೇ ಇರುತ್ತದೆ. ಹೊಸದು ಇವತ್ತು ಸುಲಭ ಅನ್ನಿಸುತ್ತದೆ, ಆದರೆ ಮುಂದಿನ ವಾರಗಳಲ್ಲಿ ಅವೆಲ್ಲ ಮತ್ತೆ ಬಾಗಿಲು ತಟ್ಟುತ್ತವೆ. ಟೆಸ್ಟ್ ಇರುವ ವಾರ ನಾನು ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ ಹಳೆಯದನ್ನು ಮಾತ್ರ ನೋಡುತ್ತೇನೆ. 2023ರಿಂದ ಆಂಕಿಯಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಬಂದಿದೆ, ಅದನ್ನು ಆನ್ ಮಾಡಿಕೊಳ್ಳಿ. ಎಷ್ಟು ನೆನಪಿರಬೇಕು ಎಂಬ ಜಾಗದಲ್ಲಿ ಶೇ. 90 ಇರುತ್ತದೆ, ಹಾಗೇ ಬಿಡಿ. ಅದನ್ನು ಶೇ. 97ಕ್ಕೆ ಏರಿಸಿದರೆ ದಿನದ ಕಾರ್ಡುಗಳು ವಿಪರೀತ ಹೆಚ್ಚುತ್ತವೆ, ಓದಲು ಸಮಯವೇ ಉಳಿಯುವುದಿಲ್ಲ.

ಕಾರ್ಡು ನೋಡುವುದು ಫೋನಿನಲ್ಲಿ, ಹಾಗಾಗಿ ಫೋನನ್ನೂ ಹದಕ್ಕೆ ತರಬೇಕು. ಮೊದಲ ಪರದೆಯಲ್ಲಿ ನನಗೆ ಇರುವುದು ಕ್ಯಾಲೆಂಡರ್, ಪಟ್ಟಿ, ಆಂಕಿ, ಡ್ರೈವ್ ಮಾತ್ರ. ವಾಟ್ಸಾಪ್ ಕ್ಲಾಸ್ ಗ್ರೂಪನ್ನು ಮ್ಯೂಟ್ ಮಾಡಿದ್ದೇನೆ. ದಿನಕ್ಕೆರಡು ಸಲ ನಾನೇ ಹೋಗಿ ನೋಡುತ್ತೇನೆ, ಅಲ್ಲಿ ಬಂದ ದಿನಾಂಕ ತಕ್ಷಣ ಕ್ಯಾಲೆಂಡರಿಗೆ ಹೋಗುತ್ತದೆ. ಓದುವ ಹೊತ್ತಿನಲ್ಲಿ ಡು ನಾಟ್ ಡಿಸ್ಟರ್ಬ್ ತಾನಾಗಿ ಆನ್ ಆಗುವ ಹಾಗೆ ಇಟ್ಟಿದ್ದೇನೆ. ಮನೆಯವರ ಕರೆ ಮಾತ್ರ ಬರುತ್ತದೆ. 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ನಿಮಗೂ ಗೊತ್ತಿರುತ್ತದೆ. ಫ್ರಾನ್ಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ತಾವೇ ವಿದ್ಯಾರ್ಥಿಯಾಗಿದ್ದಾಗ ಕಂಡುಕೊಂಡದ್ದು. ಓದಲು ಮನಸ್ಸಿಲ್ಲದ ದಿನ ಶುರು ಮಾಡಿಸಲು ಅದು ಚೆನ್ನಾಗಿದೆ. ಆದರೆ ಲೆಕ್ಕವೋ ಗ್ರಾಫೋ ಬಿಡಿಸುತ್ತಿರುವಾಗ 25 ನಿಮಿಷಕ್ಕೆ ಎಬ್ಬಿಸಿದರೆ ಕೆಲಸ ಕೆಡುತ್ತದೆ. ಅಲ್ಲಿ ನಾನು 50 ನಿಮಿಷ ಇಟ್ಟುಕೊಳ್ಳುತ್ತೇನೆ.

ಪ್ರಾಜೆಕ್ಟ್ ವರದಿ ಬರೆಯುವವರು ಮೊದಲ ದಿನವೇ ಉಲ್ಲೇಖಗಳನ್ನು ಸಂಗ್ರಹಿಸಿಡುವ ಜೊಟೆರೊ ಎಂಬ ತಂತ್ರಾಂಶ ಹಾಕಿಕೊಳ್ಳಲಿ. ಉಚಿತ. ಬ್ರೌಸರಿನಲ್ಲಿ ಪೇಪರ್ ತೆರೆದು ಒಂದು ಬಟನ್ ಒತ್ತಿದರೆ ಲೇಖಕರು, ವರ್ಷ, ಪತ್ರಿಕೆ ಎಲ್ಲ ಬಂದು ಕೂರುತ್ತದೆ. ವರ್ಡ್‌ನಲ್ಲಿ ಬರೆಯುತ್ತಾ ಅಲ್ಲಿಂದಲೇ ಉಲ್ಲೇಖ ಸೇರಿಸಬಹುದು, ಕೊನೆಯ ಪಟ್ಟಿ ತಾನೇ ತಯಾರಾಗುತ್ತದೆ. ಗೈಡ್ ಕೊನೆ ಗಳಿಗೆಯಲ್ಲಿ ಉಲ್ಲೇಖದ ಶೈಲಿ ಬದಲಿಸಿ ಅಂದರೂ ಒಂದು ಕ್ಲಿಕ್ ಸಾಕು. ಪ್ರಕಟವಾದ ಮೇಲೆ ಹಿಂತೆಗೆದುಕೊಂಡ ಪೇಪರ್ ನಮ್ಮ ಸಂಗ್ರಹದಲ್ಲಿದ್ದರೆ ಅದು ಎಚ್ಚರಿಸುತ್ತದೆ ಕೂಡ. ತಾನಾಗಿ ಬಂದ ವಿವರವನ್ನು ಒಮ್ಮೆ ಕಣ್ಣಾಡಿಸಿ. ಹೆಸರಿನ ಕಾಗುಣಿತ, ದೊಡ್ಡಕ್ಷರಗಳು ಕೆಲವೊಮ್ಮೆ ತಪ್ಪಿರುತ್ತವೆ.

ಎಐ ಚಾಟ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಬಳಸುವುದು ಪ್ರಶ್ನೆ ಕೇಳಿಸಿಕೊಳ್ಳಲು. ನನ್ನ ನೋಟ್ಸ್ ಕೊಟ್ಟು "ವೈವಾದಲ್ಲಿ ಕೇಳುವ ಹಾಗೆ ಒಂದೊಂದೇ ಪ್ರಶ್ನೆ ಕೇಳು, ನಾನು ಉತ್ತರ ಹೇಳುವವರೆಗೆ ನೀನು ಹೇಳಬೇಡ" ಎನ್ನುತ್ತೇನೆ. ಇದು ತುಂಬಾ ಉಪಯೋಗ. ಸಾರಾಂಶ ಮಾತ್ರ ಅದರಿಂದ ಬರೆಸುವುದಿಲ್ಲ. ಯಾವುದು ಮುಖ್ಯ ಎಂದು ಆರಿಸುವುದೇ ಓದು. ಅದು ಕೊಡುವ ಪುಸ್ತಕ, ಪೇಪರ್‌ಗಳ ಹೆಸರನ್ನು ನಾನೇ ಹುಡುಕಿ ತೆರೆದು ನೋಡದೆ ಎಲ್ಲೂ ಬರೆಯುವುದಿಲ್ಲ. ಇಲ್ಲದ ಪೇಪರನ್ನೂ ಅದು ಇದೆ ಎಂದು ಹೇಳಬಲ್ಲದು.

ಇಷ್ಟೆಲ್ಲ ಒಂದು ಕಡೆ ಸೇರಿದ ಮೇಲೆ ಅದನ್ನು ಕಾಪಾಡಬೇಕು. ಡ್ರೈವ್‌ನಲ್ಲಿ ಇದೆಯಲ್ಲ ಅಂದರೆ ಸಾಲದು. ಸಿಂಕ್ ಆಗುವುದು ಬೇರೆ, ಬ್ಯಾಕಪ್ ಬೇರೆ. ಸಿಂಕ್ ಆಗಿರುವ ಫೋಲ್ಡರಿನಲ್ಲಿ ಲ್ಯಾಪ್‌ಟಾಪಿನಿಂದ ಒಂದು ಫೈಲು ಅಳಿಸಿದರೆ ಎಲ್ಲ ಕಡೆಯಿಂದಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ ಅದನ್ನು 30 ದಿನ ಇಟ್ಟುಕೊಂಡು ಆಮೇಲೆ ಪೂರ್ತಿ ತೆಗೆದುಹಾಕುತ್ತದೆ. ಉಚಿತವಾಗಿ ಸಿಗುವ 15 ಜಿಬಿ ಕೂಡ ಡ್ರೈವ್‌ಗೆ ಮಾತ್ರ ಅಲ್ಲ, ಜಿಮೇಲ್, ಫೋಟೋಸ್ ಎಲ್ಲಕ್ಕೂ ಸೇರಿ. ಅದು ತುಂಬಿದರೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ, ಕಾಲೇಜಿನ ಮೇಲ್‌ಗಾಗಿ ಕಾಯುತ್ತಿರುವಾಗ ಅದು ಬೇಡ. ಹಾಗಾಗಿ ಫೋಟೋಗಳಿಗೆ ಬೇರೆ ಜಾಗ ಮಾಡಿದ್ದೇನೆ.

ಮುಖ್ಯವಾದದ್ದಕ್ಕೆ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಮನೆಯಿಂದ ಹೊರಗೆ. ಇದನ್ನು 3-2-1 ನಿಯಮ ಎನ್ನುತ್ತಾರೆ. ನನ್ನ ಪಾಲಿಗೆ ಅದು ಲ್ಯಾಪ್‌ಟಾಪ್, ಒಂದು ಹಾರ್ಡ್‌ಡಿಸ್ಕ್, ಡ್ರೈವ್. ಭಾನುವಾರ ಸಂಜೆ ಮುಂದಿನ ವಾರದ ಕ್ಯಾಲೆಂಡರ್ ನೋಡಿ, ಪಟ್ಟಿಯಲ್ಲಿ ಬೇಡವಾದ್ದನ್ನು ಅಳಿಸಿ, ಹಾರ್ಡ್‌ಡಿಸ್ಕ್ ಚುಚ್ಚುತ್ತೇನೆ. ಆಂಕಿಯ ಕಟ್ಟನ್ನೂ ಎಕ್ಸ್‌ಪೋರ್ಟ್ ಮಾಡಿ ಅದಕ್ಕೇ ಹಾಕುತ್ತೇನೆ. ನಕಲು ಆದ ಮೇಲೆ ಅದರಿಂದ ಯಾವುದಾದರೂ ಒಂದು ಫೈಲು ತೆರೆದು ನೋಡುವುದನ್ನು ಬಿಡುವುದಿಲ್ಲ. ತೆರೆಯದ ಬ್ಯಾಕಪ್ ಇದ್ದೂ ಪ್ರಯೋಜನ ಇಲ್ಲ, ಅದು ಗೊತ್ತಾಗುವುದು ಪರೀಕ್ಷೆಯ ಹಿಂದಿನ ದಿನ ಆಗಬಾರದು.