ಕಾರ್ನ್‌ಫ್ಲೋರ್ ಬಟ್ಟಲಲ್ಲಿ ಸೇಂಟ್ ಮೇರೀಸ್ ದ್ವೀಪದ ಕಂಬಗಳು

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಮಕ್ಕಳನ್ನು ಕರೆದುಕೊಂಡು ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಲ್ಲಿನ ಕಂಬವೊಂದರ ತಲೆಯ ಮೇಲೆ ಕೈಯಾಡಿಸುತ್ತಾ, "ಸರ್, ಇದನ್ನು ಯಾರು ಕೆತ್ತಿದ್ದು?" ಅಂತ ಕೇಳಿದಳು. ಯಾರೂ ಕೆತ್ತಿದ್ದಲ್ಲ, ಲಾವಾ ತಣ್ಣಗಾಗಿ ಹೀಗಾದದ್ದು ಎಂದೆ. "ತಣ್ಣಗಾದ್ರೆ ಆರು ಮೂಲೆ ಎಂತಕ್ಕೆ ಬರ್ಬೇಕು ಸರ್?"

ಪುಸ್ತಕದಲ್ಲಿ ಓದಿದ ಉತ್ತರ ನನ್ನ ಹತ್ತಿರ ಇತ್ತು. ತೋರಿಸುವುದಕ್ಕೆ ಮಾತ್ರ ಏನೂ ಇರಲಿಲ್ಲ.

ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹರಿದ ಲಾವಾ ಇದು. ಅದರ ಮೇಲ್ಪದರ ಮೊದಲು ತಣ್ಣಗಾಯಿತು. ತಣ್ಣಗಾದದ್ದು ಕುಗ್ಗಬೇಕು. ಆದರೆ ಅದಕ್ಕೆ ಅಂಟಿಕೊಂಡಿರುವ ಕೆಳಗಿನ ಪದರ ಇನ್ನೂ ಬಿಸಿ, ಅದು ಕುಗ್ಗಲು ಬಿಡುವುದಿಲ್ಲ. ಎಳೆದಾಟ ಜಾಸ್ತಿಯಾಗಿ ಮೇಲ್ಪದರ ಬಿರಿಯುತ್ತದೆ. ತಣಿವು ಒಳಗೆ ಇಳಿದ ಹಾಗೆಲ್ಲ ಬಿರುಕೂ ಅದರ ಹಿಂದೆಯೇ ಇಳಿಯುತ್ತದೆ. ಆ ಬಿರುಕುಗಳ ನಡುವೆ ಉಳಿದದ್ದೇ ಕಂಬ.

ಇದನ್ನು ಲಾವಾ ಇಲ್ಲದೆ ಮನೆಯಲ್ಲೇ ಮಾಡಬಹುದು. ಕಾರ್ನ್‌ಫ್ಲೋರನ್ನು ನೀರಲ್ಲಿ ಕಲಸಿ ಒಣಗಿಸಿದರೆ ಸಾಕು. ಅಲ್ಲಿ ಹೋಗುವುದು ಬಿಸಿಯಲ್ಲ, ನೀರು. ಕುಗ್ಗುವುದು, ಎಳೆಯುವುದು, ಬಿರಿಯುವುದು ಎಲ್ಲ ಅದೇ.

ಮೊದಲ ಸಲ ಜುಲೈಯಲ್ಲಿ ಶುರು ಮಾಡಿದೆ. ಅದು ತಪ್ಪಾಯಿತು. ಉಡುಪಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಿಟ್ಟು ಒಣಗುತ್ತದಾ? ನಾಲ್ಕನೇ ದಿನಕ್ಕೆ ಹುಳಿ ವಾಸನೆ, ಮೇಲೆಲ್ಲ ಬೂಸ್ಟು. ಎಲ್ಲ ಚೆಲ್ಲಿದೆ.

ಡಿಸೆಂಬರಿನಲ್ಲಿ ಮತ್ತೆ ಕುಳಿತೆ. ಎರಡು ಗಾಜಿನ ಬಟ್ಟಲು ತೆಗೆದುಕೊಂಡು, ಒಂದೊಂದಕ್ಕೆ 200 ಗ್ರಾಂ ಕಾರ್ನ್‌ಫ್ಲೋರ್, 200 ಗ್ರಾಂ ನೀರು ಹಾಕಿದೆ. ಎರಡನ್ನೂ ತಕ್ಕಡಿಯಲ್ಲೇ ತೂಗಿದ್ದು. ಬೂಸ್ಟು ಬಾರದಿರಲಿ ಎಂದು ಬಟ್ಟೆಗೆ ಹಾಕುವ ಬ್ಲೀಚ್ ಎರಡೆರಡು ಹನಿ ಬಿಟ್ಟೆ. ಒಂದು ಬಟ್ಟಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಳೆಯ ಕಾಲದ 100 ವ್ಯಾಟಿನ ಬಲ್ಬು, ಇನ್ನೊಂದರ ಮೇಲೆ ಎರಡು ಗೇಣು ಎತ್ತರದಲ್ಲಿ ಅಂಥದ್ದೇ ಬಲ್ಬು. ಎಲ್‌ಇಡಿ ಬಲ್ಬು ಆಗುವುದಿಲ್ಲ, ಅದರಲ್ಲಿ ನಮಗೆ ಬೇಕಾದಷ್ಟು ಬಿಸಿ ಇರುವುದಿಲ್ಲ. ಹತ್ತಿರ ಪರದೆ, ಕಾಗದ ಏನೂ ಇರದ ಹಾಗೆ ನೋಡಿಕೊಂಡೆ. ಬಟ್ಟಲನ್ನು ಅಲುಗಾಡಿಸಬೇಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟೆ.

ಬೇಗನೇ ಮೇಲೆ ಬಿರುಕು ಬಿತ್ತು. ಅಗಲವಾದ, ಅಡ್ಡಾದಿಡ್ಡಿ ಬಿರುಕು. ಇದೇ ಕಂಬ ಅಂದುಕೊಂಡು ಹಲವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅಲ್ಲ, ಇದು ಬರೀ ಶುರು. ಬೇಸಿಗೆಯಲ್ಲಿ ಒಣಗಿದ ಗದ್ದೆಯಲ್ಲಿ ಕಾಣುವಂಥದ್ದೇ ಬಿರುಕು. ಅದನ್ನು ಹತ್ತಿರದಿಂದ ನೋಡಿದ್ದೀರಾ? ಒಂದು ಬಿರುಕು ಇನ್ನೊಂದಕ್ಕೆ ಹೆಚ್ಚಾಗಿ ಲಂಬವಾಗಿಯೇ ಬಂದು ಸೇರಿರುತ್ತದೆ. ಮೊದಲು ಬಿರಿದ ಕಡೆ ಅಡ್ಡಕ್ಕಿದ್ದ ಎಳೆತ ಸಡಿಲವಾಗಿರುತ್ತದೆ, ಬಿರುಕಿನ ಉದ್ದಕ್ಕಿರುವ ಎಳೆತ ಮಾತ್ರ ಉಳಿದಿರುತ್ತದೆ. ಹೊಸ ಬಿರುಕು ಆ ಎಳೆತವನ್ನು ಕತ್ತರಿಸಿಕೊಂಡು ಬರುವುದರಿಂದ ನೇರ ಬಂದು ಮುಟ್ಟುತ್ತದೆ. ಹಾಗಾಗಿ ಮೇಲ್ಗಡೆ ಆರು ಮೂಲೆ ಸಿಗುವುದು ಕಡಿಮೆ.

ಒಂಬತ್ತನೇ ದಿನ ಒಂದು ಗೇಣಿನ ಬಟ್ಟಲನ್ನು ತೆಗೆದೆ. ಹಿಟ್ಟಿನ ಗಟ್ಟಿಯನ್ನು ಕವುಚಿ ಹಾಕಿ, ಚೂರಿಯ ತುದಿಯಲ್ಲಿ ಮೆಲ್ಲಗೆ ಬಿಡಿಸಿದೆ. ಕೈಯಲ್ಲಿ ಕಡ್ಡಿಗಳ ಕಟ್ಟು ಬಿಚ್ಚಿಕೊಂಡ ಹಾಗಾಯಿತು. ಒಂದೊಂದು ಕಡ್ಡಿಯೂ ಬಿಳಿ, ಬದಿಗಳು ಸಪಾಟು, ಮೂಲೆ ಚೂಪು. ಬೆರಳ ನಡುವೆ ತಿರುಗಿಸಿ ಬದಿ ಎಣಿಸಿದೆ. ಐದು, ಆರು, ಆರು, ಐದು, ಏಳು. ದ್ವೀಪದಲ್ಲೂ ಹಾಗೇ, ಎಲ್ಲ ಕಂಬಕ್ಕೂ ಆರೇ ಬದಿ ಅಂತೇನಿಲ್ಲ. ಅದನ್ನು ಮುಟ್ಟಿದಾಗ ನನಗಾದ ಖುಷಿ ದೊಡ್ಡದು. ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದು ಅಂಗೈಯಲ್ಲಿ ಬಂದು ಕೂತಿತ್ತು.

ಮೇಲೆ ಒಂದಕ್ಕೊಂದು ಲಂಬವಾಗಿ ಸೇರಿದ ಬಿರುಕು ಒಳಗೆ ಹೋಗುತ್ತಾ ಆರು ಮೂಲೆ ಆಗುವುದು ಹೇಗೆ? ಒಣಗಿದ ಹಿಟ್ಟಿಗೂ ಒದ್ದೆ ಹಿಟ್ಟಿಗೂ ನಡುವಿನ ಗೆರೆ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತದೆ. ಪ್ರತಿ ಸಲ ಬಿರುಕೂ ಸ್ವಲ್ಪ ಮುಂದೆ ಸಾಗುತ್ತದೆ, ಜೊತೆಗೆ ಜಾಗವನ್ನೂ ಒಂಚೂರು ಬದಲಿಸುತ್ತದೆ. ಯಾವ ಬಿರುಕು ಮೊದಲು, ಯಾವುದು ಆಮೇಲೆ ಎಂಬ ವ್ಯತ್ಯಾಸ ಅಳಿಸಿಹೋಗುತ್ತದೆ. ಮೂರು ಬಿರುಕು ಒಂದೇ ಕಡೆ ಸಮನಾಗಿ ಸೇರಿದರೆ ನಡುವಿನ ಕೋನ 120 ಡಿಗ್ರಿ. ಆ ಕೋನ ಎಲ್ಲ ಮೂಲೆಗಳಲ್ಲಿ ಬಂದರೆ ಆಕಾರ ಷಟ್ಕೋನವೇ ಆಗಬೇಕು. ಜೇನುಗೂಡಿನ ಹಾಗೆ, ಕಡಿಮೆ ಬಿರುಕಿನಲ್ಲಿ ಜಾಗವೆಲ್ಲ ಸಮನಾಗಿ ಹಂಚಿಹೋಗುತ್ತದೆ.

ಇನ್ನೊಂದು ಸಂಗತಿ ನಾನೇ ನೋಡುವ ತನಕ ಮನಸ್ಸಿಗೆ ಇಳಿದಿರಲಿಲ್ಲ. ಕಡ್ಡಿಗಳು ಮೇಲೆ ಸಪೂರ, ಕೆಳಗೆ ದಪ್ಪ. ಮೇಲೆ ನೀರು ಬೇಗ ಹಾರುತ್ತದೆ. ಆಳಕ್ಕೆ ಹೋದಂತೆ ಒಣಗಿದ ಪದರವನ್ನು ದಾಟಿ ಬರಬೇಕಲ್ಲ, ಅದಕ್ಕೇ ನಿಧಾನ. ಬೇಗ ಒಣಗಿದರೆ ಸಪೂರ, ನಿಧಾನ ಒಣಗಿದರೆ ದಪ್ಪ. ಎರಡು ಗೇಣಿನ ಬಟ್ಟಲು ಒಣಗಲು ಇನ್ನೂ ಐದು ದಿನ ಬೇಕಾಯಿತು. ಅದರ ಕಡ್ಡಿಗಳು ಕಣ್ಣಿಗೆ ಕಾಣುವಷ್ಟು ದಪ್ಪ ಇದ್ದವು. ಲಾವಾಕ್ಕೂ ಇದೇ ಲೆಕ್ಕ. ಬೇಗ ತಣಿದ ಕಡೆ ಕಂಬ ಸಪೂರ, ನಿಧಾನ ತಣಿದ ಕಡೆ ದಪ್ಪ.

ಜನವರಿಯಲ್ಲಿ ಅದೇ ಮಕ್ಕಳ ಜೊತೆ ಮತ್ತೆ ದ್ವೀಪಕ್ಕೆ ಹೋದೆ. ಎಲ್ಲರಿಗೂ ಒಂದೊಂದು ಹಿಟ್ಟಿನ ಕಡ್ಡಿ ಕೊಟ್ಟಿದ್ದೆ. ಯಾರಿಗೂ ಏನೂ ವಿವರಿಸಲಿಲ್ಲ, ಎರಡೂ ಬಟ್ಟಲಿನ ಕಥೆ ಮಾತ್ರ ಬೋಟಿನಲ್ಲಿ ಹೇಳಿದ್ದೆ. ಆ ಹುಡುಗಿ ತನ್ನ ಕಡ್ಡಿಯನ್ನು ಕಲ್ಲಿನ ಕಂಬದ ಮೇಲೆ ನಿಲ್ಲಿಸಿ, ಆಮೇಲೆ ಎರಡೂ ಕೈ ಚಾಚಿ ಕಂಬದ ಅಗಲ ನೋಡಿದಳು.

"ಸರ್, ಇದಕ್ಕೆ ತಣ್ಣಗಾಗ್ಲಿಕ್ಕೆ ತುಂಬಾ ಸಮಯ ಬೇಕಾಗಿರ್ಬೇಕು ಅಲ್ವಾ? ಇಷ್ಟು ದಪ್ಪ ಉಂಟಲ್ಲ."